ಕೋತಿ ಒಡೆದ ಹೆಂಚು, ಗೆದ್ದಲು ಹಿಡಿದ ರೀಪು: ಖರ್ಚು ಯಾರದು?

ಪ್ರಶ್ನೆ (ಬಾಡಿಗೆದಾರ, ಮಡಿಕೇರಿ):
ಹಳೆಯ ಹೆಂಚಿನ ಮನೆಯೊಂದರಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ವಾಸವಾಗಿದ್ದೇನೆ. ಮೇ ತಿಂಗಳಲ್ಲಿ ಕೋತಿಗಳು ಮಾಡಿನ ಮೇಲೆ ಓಡಾಡಿ ಹತ್ತು ಹನ್ನೆರಡು ಹೆಂಚುಗಳನ್ನು ಒಡೆದವು. ಮಳೆ ಹಿಡಿದ ಮೇಲೆ ಅಡುಗೆಮನೆ ಸೋರತೊಡಗಿತು. ಹೆಂಚು ಸರಿಸಿ ನೋಡಿದರೆ ರೀಪುಗಳಿಗೆ (ಹೆಂಚು ಕೂರಿಸುವ ಮರದ ಪಟ್ಟಿಗಳಿಗೆ) ಗೆದ್ದಲು ಹಿಡಿದಿದೆ. ಕರಾರಿನಲ್ಲಿ ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು’ ಎಂದಷ್ಟೇ ಇದೆ. ಅದನ್ನೇ ಹಿಡಿದು ಬೆಂಗಳೂರಿನಲ್ಲಿರುವ ಮಾಲೀಕರು ಎಲ್ಲವನ್ನೂ ನನ್ನ ಮೇಲೆ ಹಾಕುತ್ತಿದ್ದಾರೆ. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ?

ಉತ್ತರ 1 (ಮನೆ ಮಾಲೀಕ, ವಿರಾಜಪೇಟೆ):
ನಾನೂ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸುವುದು ನನ್ನ ಪಾಲು. ಅಂಗಳದ ಪಾಚಿ ಉಜ್ಜುವುದು, ಚರಂಡಿಯ ಎಲೆ ತೆಗೆಯುವುದು, ನಲ್ಲಿಯ ವಾಷರ್ ಹಾಕಿಸುವುದು ಬಾಡಿಗೆದಾರರ ಪಾಲು. ಗೆದ್ದಲು ಹಿಡಿದ ರೀಪನ್ನು ಸಣ್ಣಪುಟ್ಟ ರಿಪೇರಿ ಎನ್ನುವ ಮಾಲೀಕರು ಒಮ್ಮೆ ಜುಲೈ ತಿಂಗಳಲ್ಲಿ ಇಲ್ಲಿಗೆ ಬಂದು ಮಲಗಬೇಕು.

ಉತ್ತರ 2:
ಮುರಿದುಕೊಳ್ಳಲು ಆತುರಪಡಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಕರಾರಿಗೂ ಸ್ಥಳೀಯ ರೂಢಿಗೂ ಮೊದಲ ಸ್ಥಾನ ಕೊಡುತ್ತದೆ. ಅವು ಬೇರೆ ಹೇಳದಿದ್ದಾಗ ಮಾತ್ರ ಅದರ ನಿಯಮಗಳು ಅನ್ವಯಿಸುತ್ತವೆ. ಮಾಲೀಕರು ಮಾಡಿಸಲು ಬದ್ಧರಾಗಿರುವ ದುರಸ್ತಿಯನ್ನು ನೋಟಿಸು ಕೊಟ್ಟು ಸಮಂಜಸ ಕಾಲ ಕಳೆದರೂ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆಯಬಹುದು ಎಂದು ಅದು ಹೇಳುತ್ತದೆ. ಆದರೆ ‘ಬದ್ಧರಾಗಿರುವ’ ಎಂಬ ಪದದಲ್ಲೇ ತೊಡಕಿದೆ, ಏಕೆಂದರೆ ಮಾಡನ್ನು ಮಾಲೀಕರೇ ಸರಿಪಡಿಸಬೇಕೆಂದು ಆ ಕಲಂ ನೇರವಾಗಿ ಹೇಳುವುದಿಲ್ಲ. ಇನ್ನೊಂದೆಡೆ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಉಳಿಸಿಕೊಳ್ಳುವುದು ನಿಮ್ಮ ಹೊಣೆ. ಸಹಜ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ವಿನಾಯಿತಿ ಇದೆ. ಗೆದ್ದಲು ನಿಮ್ಮ ತಪ್ಪಿನಿಂದ ಬಂದದ್ದಲ್ಲ ಎಂದು ವಾದಿಸುವುದು ಸುಲಭ. ಕೋತಿಯ ವಿಷಯದಲ್ಲಿ ಮಾತ್ರ, ಮೇ ತಿಂಗಳಲ್ಲೇ ತಿಳಿಸಿದ್ದಿರೋ ಇಲ್ಲವೋ ಎಂದು ಅವರು ಕೇಳಿಯೇ ಕೇಳುತ್ತಾರೆ.

ಮುಂದಿನ ಕರಾರಿಗೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿಯನ್ನು ನೋಡಿ. ರಾಜ್ಯ ಅಳವಡಿಸಿಕೊಳ್ಳದೆ ಅದು ಕಾನೂನಾಗಿ ಅನ್ವಯಿಸದು, ಆದರೂ ನಕಲು ಮಾಡಿಕೊಳ್ಳಲು ಅಡ್ಡಿಯಿಲ್ಲ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಕೊಳಾಯಿ ಪೈಪು, ವೈರಿಂಗ್ ಮಾಲೀಕರಿಗೆ; ನಲ್ಲಿ, ಸ್ವಿಚ್ಚು, ಗೀಸರ್, ಕಿಟಕಿಯ ಗಾಜು ಬಾಡಿಗೆದಾರರಿಗೆ ಎಂದು ಅಲ್ಲಿ ಹಂಚಿದ್ದಾರೆ.

ಪ್ರಶ್ನೆ ಕೇಳಿದವರು:
ಕೋತಿಗಳ ವಿಷಯವನ್ನು ಮೇ ತಿಂಗಳಲ್ಲೇ ವಾಟ್ಸ್‌ಆಪ್‌ನಲ್ಲಿ ಫೋಟೋ ಸಮೇತ ತಿಳಿಸಿದ್ದೆ, ಅದು ಹಾಗೆಯೇ ಇದೆ. ಹೆಂಚನ್ನು ನಾನೇ ಹಾಕಿಸಿ, ರೀಪಿನ ಬಗ್ಗೆ ಹದಿನೈದು ದಿನಗಳ ಗಡುವಿಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸುತ್ತೇನೆ. ಅಲ್ಲಿಯವರೆಗೆ ಬಾಡಿಗೆಯನ್ನು ಪೂರ್ತಿಯಾಗಿಯೇ ಕಟ್ಟುತ್ತೇನೆ.