ಬ್ರಹ್ಮಗಿರಿಯ ಕಲ್ಲುಗೋರಿಗಳನ್ನು ನೋಡಲು ಹೋಗಬಹುದೇ? ಅಲ್ಲಿ ಗಾಳಿ ಸೋಕುತ್ತದೆ ಎನ್ನುತ್ತಾರೆ

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ನೋಡಿ, ಅಲ್ಲಿನ ಪ್ರಾಚೀನ ಸಮಾಧಿಗಳ ನಡುವೆಯೂ ಸ್ವಲ್ಪ ಹೊತ್ತು ಓಡಾಡಿ ಬರಬೇಕೆಂದು ನಾನೂ ನನ್ನ ತಮ್ಮನೂ ಯೋಚಿಸಿದ್ದೇವೆ. ಆದರೆ ಆ ಸೀಮೆಯವರೇ ಆದ ನಮ್ಮ ಸೋದರತ್ತೆ, ಅದು ಮೋರ್ಯರೆಂಬ ಕುಳ್ಳರ ಮನೆಗಳಿರುವ ಜಾಗ, ಹೊತ್ತು ಮುಳುಗಿದ ಮೇಲೆ ಅತ್ತ ಸುಳಿದವರಿಗೆ ಗಾಳಿ ಸೋಕುತ್ತದೆ, ಅಮಾವಾಸ್ಯೆ ಹತ್ತಿರವಿರುವಾಗಲಂತೂ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದಾರೆ. ಇದನ್ನು ಕೇಳಿದ ತಮ್ಮನ ಉತ್ಸಾಹ ಇಮ್ಮಡಿಯಾಗಿದ್ದು, ರಾತ್ರಿಯೇ ಹೋಗೋಣ ಎನ್ನುತ್ತಿದ್ದಾನೆ. ಅಲ್ಲಿ ನೋಡಲು ನಿಜವಾಗಿ ಏನಿದೆ, ಯಾವ ಹೊತ್ತಿನಲ್ಲಿ ಹೋಗುವುದು ಸರಿ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಇತಿಹಾಸ ಶಿಕ್ಷಕರು, ಚಳ್ಳಕೆರೆ)

ಖಂಡಿತ ಹೋಗಿ ಬನ್ನಿ, ಆದರೆ ಹಗಲಿನಲ್ಲಿ. ಸಂರಕ್ಷಿತ ಸ್ಮಾರಕಗಳಿಗೆ ಬೇರೆ ವೇಳೆ ಗೊತ್ತುಪಡಿಸದಿದ್ದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ಪ್ರವೇಶವೆಂಬುದು ನಿಯಮ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನೋಡಬೇಕಾದದ್ದು ಯಾವುದೂ ಕತ್ತಲಲ್ಲಿ ಕಾಣುವಂಥದ್ದಲ್ಲ.

ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಮಹಾಮಾತ್ರರನ್ನು, ಅಂದರೆ ಹಿರಿಯ ಅಧಿಕಾರಿಗಳನ್ನು, ಉದ್ದೇಶಿಸಿದ ಆ ಬರಹದ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಸಮಾಧಿಗಳ ವಿಚಾರಕ್ಕೆ ಬಂದರೆ, ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲು ಉತ್ಖನನ ನಡೆಸಿದ್ದ ಈ ನೆಲೆಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಹಲವು ಗೋರಿಗಳನ್ನು ಕ್ರಮಬದ್ಧವಾಗಿ ಅಗೆಸಿದರು. ಕಣಶಿಲೆಯ ನಾಲ್ಕು ಚಪ್ಪಡಿಗಳನ್ನು ಒಂದರ ಅಂಚು ಇನ್ನೊಂದನ್ನು ದಾಟಿ ನಿಲ್ಲುವಂತೆ, ಅಂದರೆ ಮೇಲಿನಿಂದ ನೋಡಿದರೆ ಸ್ವಸ್ತಿಕದಂತೆ ಕಾಣುವ ಹಾಗೆ ನಿಲ್ಲಿಸಿ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು, ಸುತ್ತ ಕಲ್ಲಿನ ಬಳಸು ಕಟ್ಟಿರುವುದು ಈ ಗೋರಿಗಳ ರಚನೆ. ಒಂದೇ ಗೋರಿಯಲ್ಲಿ ಹಲವರ ಎಲುಬುಗಳು ದೊರೆತಿವೆ. ಶವವನ್ನು ಮೊದಲು ಬೇರೆಡೆ ಇರಿಸಿ, ಆಮೇಲೆ ಎಲುಬುಗಳನ್ನು ಆಯ್ದು ತಂದು ಇಲ್ಲಿ ಇಡುತ್ತಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ. ಇವುಗಳ ಜೊತೆಗೆ ಬರಿಯ ಕಲ್ಲುವೃತ್ತದೊಳಗೆ ತೋಡಿದ ದೊಡ್ಡ ಗುಂಡಿಗಳೂ ಇದ್ದು, ಅವುಗಳಲ್ಲಿ ಮನುಷ್ಯರ ಎಲುಬು ಸಿಗಲಿಲ್ಲ. ಶವ ಕರಗುವವರೆಗೆ ಇರಿಸುತ್ತಿದ್ದ ಜಾಗ ಅದೇ ಆಗಿರಬಹುದೆಂದು ವ್ಹೀಲರ್ ತರ್ಕಿಸಿದರು. ನೋಡಿದರೆ ಎದೆ ಝಲ್ಲೆನಿಸುವ ಈ ವೃತ್ತಗಳಲ್ಲಿ ಯಾರನ್ನೂ ಹೂಳಿರಲಿಲ್ಲ ಎಂಬುದನ್ನು ನಿಮ್ಮ ತಮ್ಮನಿಗೆ ಅವಶ್ಯವಾಗಿ ಹೇಳಿ.

ಕಾಲದ ಬಗ್ಗೆ ಒಂದು ಎಚ್ಚರಿಕೆ: ವ್ಹೀಲರ್ ಇವುಗಳನ್ನು ಕ್ರಿ.ಪೂ. ಎರಡನೆಯ ಶತಮಾನದಿಂದ ಈಚಿನವೆಂದು ಎಣಿಸಿದ್ದರು; ಹಾವೇರಿ ಜಿಲ್ಲೆಯ ಪ್ರಾಚೀನ ನೆಲೆ ಹಳ್ಳೂರಿನಲ್ಲಿ ಸಿಕ್ಕ ಅವಶೇಷಗಳ ವಯಸ್ಸನ್ನು ರೇಡಿಯೊ ಕಾರ್ಬನ್ ವಿಧಾನದಿಂದ ಅಳೆದ ನಂತರ, ಈ ಗೋರಿಗಳು ಸೇರಿದ ಕಬ್ಬಿಣ ಯುಗವೇ ನಮ್ಮ ಭಾಗದಲ್ಲಿ ಕ್ರಿ.ಪೂ. 1000ದ ಆಸುಪಾಸಿಗೆ ಹಿಂದೆ ಸರಿದಿದೆ. ಹಳೆಯ ಪುಸ್ತಕಗಳಲ್ಲಿ ಓದಿದ ಇಸವಿಗಳನ್ನು ಹಾಗೆಯೇ ನಂಬಬೇಡಿ.

ಉತ್ತರ 2 (ರಾಂಪುರ ಕಡೆಯ ಕೃಷಿಕರು)

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ದೆವ್ವದ ಮಾತನ್ನು ಅಷ್ಟಕ್ಕೇ ಬಿಟ್ಟರೆ ಅರ್ಧ ಹೇಳಿದಂತಾಗುತ್ತದೆ. ಮೋರ್ಯರೆಂದರೆ ಮೂರು ಗೇಣಿನ ಕುಳ್ಳರು, ಈ ಕಲ್ಲಿನ ಮನೆಗಳು ಅವರವು, ಕಿಂಡಿಯೇ ಅವರ ಬಾಗಿಲು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅದರಿಂದ ಯಾರಿಗೂ ಕೇಡಾಗಲಿಲ್ಲ. ಕೇಡಾಗುವುದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿನಿಂದ: ಭೂತ ಕಾಯುತ್ತಿದೆ ಎಂದ ಮೇಲೆ ಕೆಳಗೆ ನಿಧಿಯ ಕೊಪ್ಪರಿಗೆ ಇರಲೇಬೇಕು ಎಂಬ ಲೆಕ್ಕಾಚಾರ. ಭಯದ ಕಥೆಯೇ ಇಂಥ ಜಾಗಗಳನ್ನು ಉಳಿಸಿತು ಎಂದು ಓದಿದವರು ಬರೆಯುವುದುಂಟು. ನನ್ನ ಅನುಭವದಲ್ಲಿ ಅದು ದನ ಕಾಯುವ ಹುಡುಗರನ್ನು ದೂರವಿಟ್ಟಿತೇ ಹೊರತು, ಅಮಾವಾಸ್ಯೆಯ ರಾತ್ರಿ ಗುದ್ದಲಿ, ನಿಂಬೆಹಣ್ಣು, ಕುಂಕುಮ ಹಿಡಿದು ಬರುವ ನಿಧಿಗಳ್ಳರನ್ನಲ್ಲ. ಅವರಿಗೆ ಅದು ವಿಳಾಸ ಬರೆದುಕೊಟ್ಟಂತೆ. ಅಮಾವಾಸ್ಯೆಗೆ ಬೇಡ ಎಂದು ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಥವಿದೆ. ರಾತ್ರಿ ಟಾರ್ಚು ಹಿಡಿದು ಗೋರಿಗಳ ನಡುವೆ ಸುಳಿದಾಡುವ ಇಬ್ಬರು ಹುಡುಗರನ್ನು ಊರಿನವರೂ ಪೊಲೀಸರೂ ಏನೆಂದು ತಿಳಿಯಬೇಕು? ಸಾಲದ್ದಕ್ಕೆ ಇದು ಕರಡಿ, ಚಿರತೆಗಳು ಓಡಾಡುವ ಗುಡ್ಡಸೀಮೆ.

ಉತ್ತರ 3 (ಇತಿಹಾಸ ಶಿಕ್ಷಕರು, ಚಳ್ಳಕೆರೆ)

ಕೃಷಿಕರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬ್ರಹ್ಮಗಿರಿಯ ಒಂದು ಸಮಾಧಿಯಲ್ಲಿ 33 ಚಿನ್ನದ ಮಣಿಗಳು, 2 ಕಲ್ಲಿನ ಮಣಿಗಳು, 4 ತಾಮ್ರದ ಬಳೆಗಳು ಮತ್ತು ಒಂದು ಶಂಖ ದೊರೆತದ್ದು ಶಾಲೆಯ ಪಠ್ಯದಲ್ಲಿಯೇ ಇತ್ತು. ಚಿನ್ನ ಎಂಬ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಉಳಿದ ಗೋರಿಗಳಲ್ಲಿ ಕೆಲವು ಮಡಕೆಗಳಷ್ಟೇ ಇದ್ದವು ಎಂಬ ಮುಂದಿನ ಸಾಲು ಯಾರ ಕಿವಿಗೂ ಬೀಳುವುದಿಲ್ಲ. ಸತ್ತವರಲ್ಲಿಯೂ ಉಳ್ಳವರು, ಇಲ್ಲದವರು ಇದ್ದರೆಂದು ತೋರಿಸಲು ತರಗತಿಯಲ್ಲಿ ನಾವು ಬಳಸುವ ಉದಾಹರಣೆ ಅದು. ಅಲ್ಲದೆ, 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯು ನಿಧಿಯ ಹೆಸರಿನಲ್ಲಿ ನಡೆಸುವ ಅಮಾನುಷ ಆಚರಣೆಗಳನ್ನು ಶಿಕ್ಷಾರ್ಹಗೊಳಿಸಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರಾತ್ರಿಯ ಯೋಚನೆಯನ್ನು ತಮ್ಮ ಕೈಬಿಟ್ಟಿದ್ದಾನೆ. ಕರಡಿಯ ಮಾತು ಕೆಲಸ ಮಾಡಿತು. ಅತ್ತೆಯವರನ್ನು ಒಪ್ಪಿಸುವುದು ಹೇಗೆಂದು ಮಾತ್ರ ತಿಳಿಯುತ್ತಿಲ್ಲ.

ಉತ್ತರ 4 (ರಾಂಪುರ ಕಡೆಯ ಕೃಷಿಕರು)

ಒಪ್ಪಿಸುವುದೇಕೆ, ಅವರನ್ನೂ ಕರೆದುಕೊಂಡು ಬನ್ನಿ. ತವರಿನ ಕಡೆ ಎಂದರೆ ಬೇಡವೆನ್ನಲಾರರು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಬೆಳಿಗ್ಗೆ ಬಿಸಿಲೇರುವ ಮೊದಲೇ ತಲುಪಿ. ಕುಡಿಯುವ ನೀರನ್ನು ಮನೆಯಿಂದಲೇ ತನ್ನಿ. ಚಪ್ಪಡಿಗಳ ಮೇಲೆ ಹತ್ತಬೇಡಿ, ಮಡಕೆಯ ಚೂರು ಕಂಡರೆ ಜೇಬಿಗಿಳಿಸಬೇಡಿ. ಮೋರ್ಯರ ಕಥೆಯನ್ನು ಅತ್ತೆಯವರು ಹೇಳುವಾಗ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ ಹೇಳುತ್ತಾರೆ, ನಿಮ್ಮ ಮನೆಯದು ಹೇಗಿದೆಯೋ ಕೇಳುವ ಆಸೆ ನನಗೂ ಇದೆ.