ಆಪರೇಷನ್ ಆದ ಮೇಲೆ ಭುಜ ಹಿಡಿದುಕೊಂಡಿದೆ, ಯಾರಿಗಾದರೂ ಹೀಗಾಗಿತ್ತಾ?

ದಾವಣಗೆರೆ_ಟೀಚರ್:
ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಭುಜದ ರೊಟೇಟರ್ ಕಫ್ (ಭುಜದ ಸ್ನಾಯುಗಳನ್ನು ಎಲುಬಿಗೆ ಹಿಡಿದಿಡುವ ನಾರು, ಅಂದರೆ ಟೆಂಡನ್) ಹರಿದಿತ್ತು. ಕೀಹೋಲ್ ಆಪರೇಷನ್ (ಸಣ್ಣ ತೂತುಗಳ ಮೂಲಕ ಮಾಡುವುದು) ಮಾಡಿ ಹೊಲಿದರು. ಆರು ವಾರ ಸ್ಲಿಂಗ್ ಹಾಕಿಸಿದ್ದರು. ಅದನ್ನು ತೆಗೆದ ಮೇಲೆ ಕೈ ಮೊದಲಿನ ಹಾಗೆ ಆಡುತ್ತೆ ಅಂತ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದೆವು, ಆದರೆ ಈಗ ಮೂರು ತಿಂಗಳಾಗುತ್ತಾ ಬಂದರೂ ಕೈ ಭುಜದ ಮಟ್ಟ ದಾಟುತ್ತಿಲ್ಲ. ಬೋರ್ಡ್ ಮೇಲೆ ಬರೆಯುವುದಿರಲಿ, ಜಡೆ ಹಾಕಿಕೊಳ್ಳಲೂ ಮಗಳನ್ನು ಕರೆಯಬೇಕು. ಬೆನ್ನ ಹಿಂದಕ್ಕಂತೂ ಕೈ ಹೋಗುವುದೇ ಇಲ್ಲ.

ಡಾಕ್ಟರ್ "ಫ್ರೋಜನ್ ಶೋಲ್ಡರ್ ಆಗಿದೆ, ಫಿಸಿಯೋ ಮುಂದುವರಿಸಿ" ಅಂದರು, ಅಷ್ಟೇ. ಫಿಸಿಯೋ ಮಾಡುವ ಹುಡುಗ ಕೈ ಹಿಡಿದು ಎಳೆದರೆ ಕಣ್ಣಲ್ಲಿ ನೀರು ಬರುತ್ತೆ, ಆ ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ನಮ್ಮತ್ತೆ ಎಣ್ಣೆ ಕಾಯಿಸಿ ಗಟ್ಟಿಯಾಗಿ ತಿಕ್ಕಿಸಿಕೋ ಅಂತಾರೆ. ನನಗೆ ಶುಗರ್ ಬೇರೆ ಇದೆ. ನೋವು ಸಹಿಸಿಕೊಂಡು ಎಳೆಸಿಕೊಳ್ಳಬೇಕಾ? ಭುಜಕ್ಕೆ ಇಂಜೆಕ್ಷನ್ ಕೊಡುತ್ತಾರಂತಲ್ಲ, ಶುಗರ್ ಇರುವವರು ತಗೋಬಹುದಾ? ಒಳಗೆ ಹೊಲಿಗೆ ಏನಾದರೂ ಬಿಟ್ಟುಕೊಂಡಿದ್ದರೆ ಗೊತ್ತಾಗುವುದು ಹೇಗೆ?

ಕುಕ್ಕರಹಳ್ಳಿ_ವಾಕರ್:
ನನಗೂ ಇದೇ ಆಪರೇಷನ್, ಇದೇ ಕಥೆ ಮೇಡಂ. ಒಂದು ವರ್ಷದ ಹತ್ತಿರ ಹಿಡಿಯಿತು, ಆದರೆ ಕೈ ವಾಪಸ್ ಬಂತು. ಮೊದಲು ಮುಂದಕ್ಕೆ ಎತ್ತುವುದು ಬಂತು, ಆಮೇಲೆ ಪಕ್ಕಕ್ಕೆ. ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋಗಿದ್ದು ಎಲ್ಲಕ್ಕಿಂತ ಕೊನೆಗೆ, ಈಗಲೂ ಆ ಕಡೆ ಸ್ವಲ್ಪ ಬಿಗಿ ಇದೆ.

ರಾತ್ರಿ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅಂಗಾತ ಮಲಗಿದಾಗ ಮೊಣಕೈ ಹಿಂದಕ್ಕೆ ಜೋತು ಬೀಳುತ್ತಲ್ಲ, ಅದೇ ಭುಜವನ್ನು ಹಿಂಡುವುದು. ಮೊಣಕೈ ಮತ್ತು ರಟ್ಟೆ ಕೆಳಗೆ ಒಂದು ದಿಂಬಿಟ್ಟು, ಮಲಗಿದಲ್ಲಿಂದಲೇ ನಿಮ್ಮ ಮೊಣಕೈ ನಿಮಗೆ ಕಾಣಿಸುವಷ್ಟು ಮುಂದಕ್ಕೆ ಇಟ್ಟುಕೊಳ್ಳಿ. ಬೆನ್ನಿಗೂ ಎರಡು ದಿಂಬು ಕೊಟ್ಟು ಅರ್ಧ ಕೂತ ಹಾಗೆ ಮಲಗಿದರೆ ಇನ್ನೂ ಒಳ್ಳೆಯದು. ನಾನು ಎಷ್ಟೋ ದಿನ ಈಸಿಚೇರಿನಲ್ಲೇ ಮಲಗಿದ್ದೆ. ನಿದ್ದೆ ಆದರೆ ಅರ್ಧ ನೋವು ಕಮ್ಮಿ ಅನಿಸುತ್ತೆ.

ಗಟ್ಟಿಮನುಷ್ಯ:
ನೋವು ತಿನ್ನದೆ ಕೈ ಬರುವುದಿಲ್ಲ ಮೇಡಂ, ನೇರವಾಗಿ ಹೇಳುತ್ತೇನೆ. ನಮ್ಮ ಭಾವನಿಗೆ ಫ್ರೋಜನ್ ಶೋಲ್ಡರ್ ಆಗಿ ಆರು ತಿಂಗಳು ಅಯ್ಯೋ ಅಮ್ಮಾ ಅಂತಿದ್ದ. ಕೊನೆಗೆ ದಿನಾ ಬೆಳಿಗ್ಗೆ ಬಾಗಿಲ ಚೌಕಟ್ಟು ಹಿಡಿದು ಜೋತಾಡಿ ಜೋತಾಡಿ ಬಿಡಿಸಿಕೊಂಡ. ಈಗ ವಾಲಿಬಾಲ್ ಆಡ್ತಾನೆ. ಮುಟ್ಟಿದರೆ ನೋವು ಅಂತ ಬಿಟ್ಟರೆ ಕೈ ಅಲ್ಲೇ ನಿಂತುಬಿಡುತ್ತೆ.

ಫಿಸಿಯೋ_ಹುಬ್ಬಳ್ಳಿ:
ಗಟ್ಟಿಮನುಷ್ಯ ಅವರೇ, ನಿಮ್ಮ ಭಾವನಿಗೆ ಆಪರೇಷನ್ ಆಗಿತ್ತಾ? ಇಲ್ಲ ಅಲ್ವಾ? ಅವರದು ತಾನಾಗಿ ಬಂದ ಫ್ರೋಜನ್ ಶೋಲ್ಡರ್, ಒಳಗೆ ಹೊಲಿಗೆ ಇರಲಿಲ್ಲ. ಮೇಡಂದು ಬೇರೆ. ಹೊಲಿದ ಟೆಂಡನ್ ಎಲುಬಿಗೆ ಸುಮಾರಾಗಿ ಕೂಡಿಕೊಳ್ಳಲು 12 ವಾರವಾದರೂ ಬೇಕು, ಪೂರ್ತಿ ಬಲ ಬರಲು ಇನ್ನೂ ಹೆಚ್ಚು. ಮೇಡಂ, ನೀವು ಜೋತಾಡಬೇಡಿ, ದಯವಿಟ್ಟು. ಬಿಗಿಯಾದ ಭುಜವನ್ನು ತಿಂಗಳುಗಟ್ಟಲೆ ಕೂತು ಬಿಡಿಸಬಹುದು. ಹೊಲಿಗೆ ಮತ್ತೆ ಹರಿದರೆ ಎರಡನೇ ಸಲ ಹೊಲಿಯುವುದು ಅಷ್ಟು ಸುಲಭ ಅಲ್ಲ.

ಆಗಿರುವುದೇನು ಅಂದರೆ, ಭುಜದ ಕೀಲಿನ ಸುತ್ತ ಒಂದು ತೆಳು ಪೊರೆಯ ಚೀಲ ಇರುತ್ತದೆ. ಗಾಯ, ಆಪರೇಷನ್, ವಾರಗಟ್ಟಲೆ ಅಲುಗಾಡಿಸದೆ ಇಟ್ಟಿದ್ದು, ಇದೆಲ್ಲದರಿಂದ ಅದು ಊದಿ, ದಪ್ಪಗಾಗಿ, ಕುಗ್ಗುತ್ತದೆ. ಶುಗರ್ ಇರುವವರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ಇದು ಜಾಸ್ತಿ. ಥೈರಾಯ್ಡ್ ನೋಡಿಸಿಲ್ಲದಿದ್ದರೆ ಒಂದು ಸಲ ನೋಡಿಸಿ. ಶುಗರ್ ಹಿಡಿತದಲ್ಲಿ ಇಟ್ಟುಕೊಳ್ಳಿ, ಇದೂ ಭುಜದ ಚಿಕಿತ್ಸೆಯ ಭಾಗವೇ.

ಹೊಲಿಗೆ ಪ್ರಶ್ನೆಗೆ ಬರೋಣ. ನೀವೇ ಕೈ ಎತ್ತಿದಾಗ ಎಲ್ಲಿಗೆ ನಿಲ್ಲುತ್ತೆ ನೋಡಿ. ಆಮೇಲೆ ಮಲಗಿಕೊಂಡು, ಆ ಕೈ ಸಡಿಲ ಬಿಟ್ಟು, ಎಡಗೈಯಿಂದ ಮೆಲ್ಲಗೆ ಎತ್ತಿಸಿ ನೋಡಿ. ಎರಡೂ ಸಲ ಹತ್ತಿರ ಹತ್ತಿರ ಒಂದೇ ಕಡೆ ನಿಂತರೆ ಅದು ಬಿಗಿತ. ಎತ್ತಿಸಿದಾಗ ಆರಾಮಾಗಿ ಮೇಲೆ ಹೋಗಿ, ತಾನಾಗಿ ಎತ್ತುವಾಗ ಮಾತ್ರ ಬಿದ್ದುಹೋದರೆ ಬಲ ಇಲ್ಲ ಅಂತ. ಆಗ ಸರ್ಜನ್ ಹತ್ತಿರ ಹೋಗಿ ಸ್ಕ್ಯಾನಿಂಗ್ ಬಗ್ಗೆ ಕೇಳಿ. ಇದು ಮನೆಯ ಅಂದಾಜು ಅಷ್ಟೇ, ಕೊನೆ ಮಾತು ಅವರದೇ. ಜ್ವರ, ಗಾಯದಲ್ಲಿ ಕೀವು, ಭುಜ ಕೆಂಪಾಗಿ ಬಿಸಿಯಾಗುವುದು, ಅಥವಾ "ಪಟ್" ಅಂದ ಮೇಲೆ ಕೈ ಏಳದೇ ಹೋಗುವುದು, ಇವುಗಳಲ್ಲಿ ಯಾವುದಾದರೂ ಆದರೆ ಅವತ್ತೇ ಹೋಗಿ.

ನೋವಿನ ಲೆಕ್ಕ: ವ್ಯಾಯಾಮ ಮಾಡುವಾಗ ಎಳೆತ, ಸ್ವಲ್ಪ ನೋವು ಇರಲಿ. ಮುಗಿದು ಒಂದು ಗಂಟೆಯೊಳಗೆ ಇಳಿಯಬೇಕು. ರಾತ್ರಿಯಿಡೀ ನಿದ್ದೆ ಇಲ್ಲ ಅಂದರೆ ಎಳೆದದ್ದು ಜಾಸ್ತಿಯಾಯಿತು. ಅದನ್ನು ಆ ಹುಡುಗನಿಗೆ ನೇರವಾಗಿ ಹೇಳಿ, ಅವನು ಕೇಳದಿದ್ದರೆ ಬೇರೆಯವರ ಹತ್ತಿರ ಹೋಗಿ. ವಾರಕ್ಕೆ ಎರಡು ಸಲ ಅಳಿಸಿ ಎಳೆಯುವುದಕ್ಕಿಂತ, ಮನೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ನೀವೇ ಮಾಡುವುದರಲ್ಲಿ ಫಲ ಜಾಸ್ತಿ. ಬಿಸಿನೀರಿನ ಸ್ನಾನ ಆದ ತಕ್ಷಣ ಮಾಡಿ, ಮೈ ಸಡಿಲ ಇರುತ್ತೆ. ಮುಂದಕ್ಕೆ ಬಾಗಿ ಕೈ ಇಳಿಬಿಟ್ಟು ಮೆಲ್ಲಗೆ ತೂಗಿಸುವುದು (ಫ್ರೋಜನ್ ಶೋಲ್ಡರ್ ಅಂತ 1934ರಲ್ಲಿ ಹೆಸರಿಟ್ಟ ಅಮೆರಿಕದ ಸರ್ಜನ್ ಕಾಡ್ಮನ್ ಅವರ ಹೆಸರಲ್ಲೇ ಈ ವ್ಯಾಯಾಮವೂ ಇದೆ), ಟೇಬಲ್ ಮೇಲೆ ಬಟ್ಟೆ ಹಾಸಿ ಅಂಗೈ ಮುಂದಕ್ಕೆ ಜಾರಿಸುವುದು, ಮೊಣಕೈ ಸೊಂಟಕ್ಕೆ ಒತ್ತಿಕೊಂಡು ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು ಎಡಗೈಯಿಂದ ಬಲಗೈಯನ್ನು ಹೊರಗೆ ತಳ್ಳುವುದು. ಈ ಕೋಲಿನದು ಬಿಡಲೇಬೇಡಿ. ಹೊರಕ್ಕೆ ತಿರುಗುವುದೇ ಫ್ರೋಜನ್ ಶೋಲ್ಡರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಟ್ಟಿಕೊಳ್ಳುವುದು, ಆ ಬಿಗಿ ಸಡಿಲವಾದರೆ ಮೇಲಕ್ಕೆ ಎತ್ತುವುದೂ ಸುಲಭವಾಗುತ್ತೆ. ಟವೆಲ್ ಹಿಡಿದು ಬೆನ್ನ ಹಿಂದೆ ಕೈ ಎಳೆಯುವುದನ್ನು ಸದ್ಯಕ್ಕೆ ಮಾಡಬೇಡಿ, ಅದು ಹೊಲಿದ ಜಾಗವನ್ನೇ ಜಗ್ಗುತ್ತೆ. ಸರ್ಜನ್ ಒಪ್ಪಿದ ಮೇಲೆ ಶುರು ಮಾಡಿ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಪರವಾಗಿಲ್ಲ, ಹಾಯೆನಿಸುತ್ತೆ. ಗಟ್ಟಿಯಾಗಿ ತಿಕ್ಕಿ ಜಗ್ಗುವುದು ಬೇಡ.

ತುಂಗಾತೀರ:
ಇಂಜೆಕ್ಷನ್ ಬಗ್ಗೆ. ನಮ್ಮಮ್ಮನಿಗೂ ಶುಗರ್ ಇದೆ, ಆಪರೇಷನ್ ಆಗಿ ಭುಜ ಹೀಗೇ ಹಿಡಿದಿತ್ತು. ಹೊಲಿಗೆ ಕೂಡಲಿ ಅಂತ ಮೊದಲ ವಾರಗಳಲ್ಲಿ ಡಾಕ್ಟರ್ ಕೊಡಲೇ ಇಲ್ಲ, ಆಮೇಲೆ ಒಂದು ಸ್ಟೀರಾಯ್ಡ್ ಕೊಟ್ಟರು. ರಾತ್ರಿ ನೋವು ಚೆನ್ನಾಗಿ ಇಳಿಯಿತು, ಹಾಗಾಗಿ ವ್ಯಾಯಾಮ ಮಾಡೋಕೆ ಆಯಿತು. ಇಂಜೆಕ್ಷನ್ ಒಂದರಿಂದಲೇ ಕೈ ಎದ್ದಿದ್ದಲ್ಲ. ಆದರೆ ಶುಗರ್ ಕೆಲವು ದಿನ ಸಿಕ್ಕಾಪಟ್ಟೆ ಏರಿತು. ಕೊಡುವುದಕ್ಕೆ ಮೊದಲೇ ಶುಗರ್ ಡಾಕ್ಟರಿಗೆ ತಿಳಿಸಿ, ಮನೆಯಲ್ಲೇ ಮೀಟರ್ ಇಟ್ಟುಕೊಂಡು ದಿನಾ ನೋಡಿಕೊಳ್ಳಿ. ತಿಂಗಳುಗಟ್ಟಲೆ ಮಾಡಿದ ಮೇಲೂ ಬಿಡದಿದ್ದರೆ ಕೀಹೋಲಲ್ಲೇ ಆ ಚೀಲವನ್ನು ಬಿಡಿಸುತ್ತೇವೆ ಅಂತಲೂ ಹೇಳಿದ್ದರು, ಅದರ ಅವಶ್ಯಕತೆ ಬರಲಿಲ್ಲ.

ಇನ್ನೊಂದು, ಗಂಡಸರು ಇದನ್ನು ಹೇಳುವುದಿಲ್ಲ. ಬಟ್ಟೆ ಹಾಕಿಕೊಳ್ಳುವಾಗ ನೋಯುವ ಕೈ ಮೊದಲು ತೋಳಿಗೆ ಹೋಗಲಿ, ಬಿಚ್ಚುವಾಗ ಅದೇ ಕೊನೆಗೆ. ಬ್ರಾ ಹುಕ್ ಮುಂದೆ ಹಾಕಿಕೊಂಡು ಹಿಂದಕ್ಕೆ ತಿರುಗಿಸಿ, ಇಲ್ಲವೇ ಮುಂದೆ ಹುಕ್ ಇರುವುದನ್ನೇ ತನ್ನಿ. ಬ್ಲೌಸಿನ ತೋಳು ಸ್ವಲ್ಪ ಸಡಿಲ ಹೊಲಿಸಿ. ದಿನಾ ಬಳಸುವ ಡಬ್ಬಿಗಳನ್ನೆಲ್ಲ ಮೇಲಿನ ಶೆಲ್ಫಿನಿಂದ ಸೊಂಟದ ಮಟ್ಟಕ್ಕೆ ಇಳಿಸಿಬಿಡಿ ಅಕ್ಕಾ.

ದಾವಣಗೆರೆ_ಟೀಚರ್:
ತುಂಬಾ ಥ್ಯಾಂಕ್ಸ್. ಎಡಗೈಯಿಂದ ಎತ್ತಿಸಿ ನೋಡಿದೆ, ಎರಡೂ ಸಲ ಅಲ್ಲೇ ನಿಂತಿತು. ಹಾಗಾದರೆ ಬಿಗಿತವೇ ಅಂತಾಯಿತು. ಆದರೂ ಸೋಮವಾರ ಸರ್ಜನ್ ಹತ್ತಿರ ಹೋಗಿ ಇಂಜೆಕ್ಷನ್ ವಿಷಯವನ್ನೂ, ಈ ಹುಡುಗ ಎಷ್ಟು ಎಳೆಯಬಹುದು ಅನ್ನುವುದನ್ನೂ ಚೀಟಿಯಲ್ಲಿ ಬರೆಸಿಕೊಂಡು ಬರುತ್ತೇನೆ. ಶಾಲೆಗೆ ಸ್ಕೂಟಿಯಲ್ಲಿ ಹೋಗಬಹುದಾ?

ಫಿಸಿಯೋ_ಹುಬ್ಬಳ್ಳಿ:
ಬರೆಸಿಕೊಂಡು ಬನ್ನಿ, ನಮಗೂ ಅದೇ ಅನುಕೂಲ. ಸ್ಕೂಟಿ ಈಗಲೇ ಬೇಡ. ನಾಯಿ ಅಡ್ಡ ಬಂದಾಗ ಗಕ್ಕನೆ ಹ್ಯಾಂಡಲ್ ತಿರುಗಿಸುವಷ್ಟು ಬಲ ಆ ಕೈಗೆ ಇನ್ನೂ ಬಂದಿರುವುದಿಲ್ಲ. ಸೋಮವಾರ ಇದನ್ನೂ ಕೇಳಿ. ಬಸ್ಸಿನಲ್ಲಿ ಹೋದರೆ ಕೂರಲು ಜಾಗ ಕೇಳಿ, ಮೇಲಿನ ರಾಡ್ ಹಿಡಿದು ನಿಲ್ಲಬೇಡಿ. ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯಿರಿ, ಮೇಲಿನದಕ್ಕೆ ಎತ್ತರದ ಒಬ್ಬ ಹುಡುಗನನ್ನು ಕರೆಯಿರಿ.