ಎರೆಹೊಲಕ್ಕೂ ಅದಿರುಗುಡ್ಡದ ದಾರಿಗೂ ಹೊಂದುವ ಟೈರ್ ಯಾವುದು?

ಪ್ರಶ್ನೆ: ಸಿರುಗುಪ್ಪದ ಗದ್ದೆಯವ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನ್ನ 2023ರ ಮಾರುತಿ ಜಿಮ್ನಿ ಜೀಪಿನ ಟೈರ್‌ಗಳನ್ನು ಬದಲಿಸುವ ಕಾಲ ಬಂದಿದೆ. ಕಂಪನಿಯಿಂದ ಬಂದ ಅಳತೆ 195/80 ಆರ್ 15, ರಿಮ್ ಕಬ್ಬಿಣದ್ದು. ವಾರದ ಐದು ದಿನ ಬಳ್ಳಾರಿಗೆ ಡಾಂಬರು ರಸ್ತೆಯಲ್ಲೇ ಓಡಾಟ. ಉಳಿದೆರಡು ದಿನ ಕಾಲುವೆ ಬದಿಯ ಬಂಡಿದಾರಿ ಹಿಡಿದು ಎರೆಹೊಲಕ್ಕೆ. ತಿಂಗಳಿಗೊಮ್ಮೆ ಸಂಡೂರಿನ ಗುಡ್ಡದ ಕಡೆಗಿರುವ ಅಕ್ಕನ ಊರಿಗೆ. ಅಂಗಡಿಯವರೊಬ್ಬರು 235/75 ಆರ್ 15 ಅಳತೆಯ ಮಡ್ ಟೈರನ್ನೂ ಅದಕ್ಕೊಪ್ಪುವ ಅಗಲವಾದ ಅಲಾಯ್ ರಿಮ್ಮನ್ನೂ ಹಾಕಿಸಿಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ. ಖರ್ಚು ಸಣ್ಣದಲ್ಲವಾದ್ದರಿಂದ ಅನುಭವಸ್ಥರ ಮಾತು ಕೇಳಿಯೇ ಮುಂದುವರಿಯಬೇಕೆಂದಿದ್ದೇನೆ.

ಉತ್ತರ: ಸಂಡೂರಿನಿಂದ

ಮೊದಲು ಲೆಕ್ಕ ನೋಡೋಣ. ನಿಮ್ಮ ಈಗಿನ ಟೈರಿನ ವ್ಯಾಸ 693 ಮಿ.ಮೀ.; ಅಂಗಡಿಯವರು ಹೇಳಿದ್ದರದ್ದು ಸುಮಾರು 733, ಅಂದರೆ ಶೇಕಡಾ 5.8ರಷ್ಟು ಹೆಚ್ಚು. ಮೀಟರ್ 80 ತೋರಿಸುವಾಗ ಗಾಡಿ 85ರ ಹತ್ತಿರ ಓಡುತ್ತಿರುತ್ತದೆ. ನೆಲದಿಂದ ಸಿಗುವ ಎತ್ತರ ಮಾತ್ರ ಅದರ ಅರ್ಧ, ಎರಡು ಸೆಂಟಿಮೀಟರ್. ಅಷ್ಟಕ್ಕಾಗಿ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಪ್ರತಿ ಸಲವೂ ಭಾರವಾದ ಗಾಲಿಯನ್ನು ಉರುಳಿಸಬೇಕಾಗುತ್ತದೆ. ಎಳೆತವೂ ಮೈಲೇಜೂ ಎರಡೂ ಇಳಿಯುತ್ತವೆ. 215/75 ಆರ್ 15 ಆದರೆ ವ್ಯತ್ಯಾಸ ಶೇಕಡಾ 1.5 ಮಾತ್ರ, ಮತ್ತು ನಿಮ್ಮ ಐದೂವರೆ ಇಂಚಿನ ರಿಮ್ಮಿಗೇ ಅದು ಕೂರುತ್ತದೆ.

ನಮ್ಮ ಕಡೆಯ ದಾರಿಯಲ್ಲಿ ಟೈರನ್ನು ಕೊಲ್ಲುವುದು ಕೆಸರಲ್ಲ, ಅದಿರಿನ ಹರಳು. ಲಾರಿಗಳಿಂದ ಉದುರಿದ ಕಲ್ಲಿನ ಅಂಚು ಒಡೆದ ಗಾಜಿನಷ್ಟೇ ಚೂಪು. ಎರಡು ವರ್ಷದ ಹಿಂದೆ ಎದುರಿನ ಲಾರಿಗೆ ದಾರಿ ಬಿಡಲು ಪಕ್ಕಕ್ಕೆ ಇಳಿದಾಗ ನನ್ನ ಟೈರಿನ ಪಕ್ಕೆಯಲ್ಲಿ ಎರಡು ಬೆರಳುದ್ದ ಸೀಳು ಬಿದ್ದು, ಒಳಗಿನ ಬಿಳಿ ದಾರಗಳು ಕಾಣಿಸತೊಡಗಿದವು. ನಡುವಿನ ಪಟ್ಟಿಯಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಿಸಬಹುದು. ಪಕ್ಕೆ ಸೀಳಿದರೆ ಆ ಟೈರಿಗೆ ಮತ್ತೆ ರಸ್ತೆಯಿಲ್ಲ. ಆದ್ದರಿಂದ ಪಕ್ಕೆಯಲ್ಲಿ ಮೂರು ಪದರವಿರುವ ಎ.ಟಿ. ಟೈರನ್ನು, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಸಲ್ಲುವ ಬಗೆಯನ್ನು ಆರಿಸಿಕೊಳ್ಳಿ. ಭಾರದ ಸೂಚ್ಯಂಕ 96ಕ್ಕಿಂತ, ಎಂದರೆ ಟೈರೊಂದಕ್ಕೆ 710 ಕಿಲೋಗಿಂತ, ಕಡಿಮೆಯಾಗದಿರಲಿ.

ಉತ್ತರ: ಕಾರಟಗಿ ರೈತ

ಸಂಡೂರಿನವರ ಮಾತು ಗುಡ್ಡಕ್ಕೆ ಸರಿ. ಎರೆಯ ಸ್ವಭಾವವೇ ಬೇರೆ. ನೀರು ಕುಡಿದ ಎರೆಮಣ್ಣು ಉಬ್ಬಿ, ಟೈರಿನ ಕಚ್ಚುಗಳಲ್ಲಿ ಹಿಟ್ಟಿನಂತೆ ತುಂಬಿಕೊಳ್ಳುತ್ತದೆ. ಅದಕ್ಕೆ ಭತ್ತದ ಹುಲ್ಲೂ ಸೇರಿದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗೋಡೆ ಕಟ್ಟಿದಂತಾಗಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕುಡುಗೋಲಿನಿಂದ ಕೆರೆದು ತೆಗೆಯಬೇಕು. ಎಂ.ಟಿ., ಅಂದರೆ ಅಂಗಡಿಯವರು ಹೇಳಿದ ಮಡ್ ಟೈರಿನ ಕಚ್ಚುಗಳ ನಡುವೆ ಅಗಲವಾದ ಬಿಡುವಿರುವುದರಿಂದ ಗಾಲಿ ತಿರುಗುವಾಗಲೇ ಮಣ್ಣು ಸಿಡಿದುಹೋಗುತ್ತದೆ. ಈ ಕೆಲಸದಲ್ಲಿ ಎ.ಟಿ. ಅದಕ್ಕೆ ಸಮವಲ್ಲ.

ಹಾಗಿದ್ದರೂ ವಾರಕ್ಕೆ ಐದು ದಿನ ಡಾಂಬರಿನಲ್ಲಿ ಓಡುವ ನಿಮಗೆ ಎಂ.ಟಿ. ಬೇಡವೆನ್ನುತ್ತೇನೆ. ಅದು ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ದೊಡ್ಡ ಮಳೆ ಬಿದ್ದ ಮಾರನೆಯ ದಿನ ಯಾವ ಟೈರೂ ಎರೆಯಲ್ಲಿ ನಂಬಿಕೆಗೆ ಅರ್ಹವಲ್ಲ. ನೆಲ ಹದಕ್ಕೆ ಬರುವ ತನಕ ಗಾಡಿಯನ್ನು ದಂಡೆಯ ಮೇಲೆ ನಿಲ್ಲಿಸಿ ನಡೆದುಹೋಗುವುದೇ ಮೇಲು. ಅರೆಹಸಿ ದಾರಿಯಾದರೆ ಗಾಳಿಯನ್ನು 18 ಪಿ.ಎಸ್.ಐ.ಗೆ ಇಳಿಸಿ ನಿಧಾನವಾಗಿ ಓಡಿಸಿ. ಟೈರ್ ಹೆಚ್ಚು ನೆಲವನ್ನು ಹಿಡಿಯುತ್ತದೆ. ಡಾಂಬರು ಸೇರುವ ಮೊದಲು ಮತ್ತೆ ತುಂಬಿಸಲೇಬೇಕು. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಕಡಿಮೆ ಗಾಳಿಯ ಟೈರ್ ವೇಗವಾಗಿ ಓಡಿದರೆ ಪಕ್ಕೆ ಮಡಚಿ ಮಡಚಿ ಕಾದು ಒಡೆಯುತ್ತದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪು ಗಾಡಿಯಲ್ಲಿರಲಿ.

ಉತ್ತರ: ಬಳ್ಳಾರಿಯ ಟೈರ್ ಕೆಲಸಗಾರ

ಅಣ್ಣಾವ್ರೇ, ರಿಮ್ಮಿನ ವಿಚಾರ ಯಾರೂ ಬಿಡಿಸಿ ಹೇಳಲಿಲ್ಲ. ಅಗಲವಾದ ರಿಮ್ಮುಗಳು ಸಾಮಾನ್ಯವಾಗಿ ಗಾಲಿಯನ್ನು ಹೊರಕ್ಕೆ ತಳ್ಳುತ್ತವೆ; ಭಾರ ಬೇರಿಂಗಿನಿಂದ ದೂರ ಸರಿಯುತ್ತದೆ, ಸ್ಟೇರಿಂಗ್ ಬಿಗಿಯಾಗಿ ಗುಂಡಿ ಗುಂಡಿಗೂ ಕೈಗೆ ಹೊಡೆತ ಬರುತ್ತದೆ, ಎರಚಿದ ಕಲ್ಲು ಬಾಗಿಲಿಗೆ ಬೀಳುತ್ತದೆ. ಐದು ಬೋಲ್ಟಿನ 139.7 ಮಿ.ಮೀ. ವೃತ್ತ ಹೊಂದಿದರೆ ಸಾಲದು, ನಡುವಿನ ತೂತೂ ಗಾಲಿ ಕೂರುವ ಹಬ್‌ಗೆ ಸರಿಯಾಗಿ ಹೊಂದಬೇಕು. ಕಲ್ಲಿಗೆ ಬಡಿದ ಕಬ್ಬಿಣದ ರಿಮ್ ಬಾಗುತ್ತದೆ, ಹಳ್ಳಿಯಲ್ಲೇ ಬಡಿದು ನೇರ ಮಾಡಿಸಿ ಮನೆಗೆ ಬರಬಹುದು. ಅಲಾಯ್ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಬೇಕು. ನಿಮ್ಮದನ್ನು ಉಳಿಸಿಕೊಳ್ಳಿ.

ಟೈರ್ ಕೊಳ್ಳುವಾಗ ಐದನ್ನೂ ಒಂದೇ ಅಳತೆಯದು, ಒಂದೇ ಮಾದರಿಯದು ತೆಗೆದುಕೊಳ್ಳಿ. ಜಿಮ್ನಿಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಹಳೆಯ ಅಳತೆಯ ಸ್ಟೆಪ್ನಿ ಹಾಕಿ, ನಾಲ್ಕೂ ಗಾಲಿಗೆ ಬಲ ಕೊಡುವ 4ಎಚ್‌ಗೆ ಬದಲಿಸಿದರೆ ಗೇರುಗಳು ಒಂದನ್ನೊಂದು ಹಿಂಡುತ್ತವೆ. ಪಕ್ಕೆಯ ಮೇಲಿನ ನಾಲ್ಕಂಕಿಯ ತಾರೀಖು ಓದಿ: 1225 ಎಂದಿದ್ದರೆ 2025ರ ಹನ್ನೆರಡನೆಯ ವಾರದ ತಯಾರಿಕೆ. ಹಾಕಿಸಿದ ಮೇಲೆ ನೂರು ಕಿಲೋಮೀಟರಿನೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ ನೋಡಿಸಿ.

ಸಿರುಗುಪ್ಪದ ಗದ್ದೆಯವ

ಮೂವರಿಗೂ ಕೃತಜ್ಞತೆಗಳು. ಕಬ್ಬಿಣದ ರಿಮ್ಮನ್ನೇ ಉಳಿಸಿಕೊಂಡು 215/75ರ ಎ.ಟಿ. ಟೈರ್ ಐದನ್ನು ಹಾಕಿಸಲು ನಿರ್ಧರಿಸಿದ್ದೇನೆ. ಬಳ್ಳಾರಿಯವರು ಹೇಳಿದ ಮೇಲೆ ಸ್ಟೆಪ್ನಿಯನ್ನು ಇಳಿಸಿ ನೋಡಿದರೆ ರಿಮ್ಮಿನ ಅಂಚು ಒಂದು ಕಡೆ ಒಳಕ್ಕೆ ಬಾಗಿದೆ. ಅದನ್ನು ಮೊದಲು ನೇರ ಮಾಡಿಸುತ್ತೇನೆ.